ಡಾಂಬರಿಗೂ ವಯಸ್ಸಾಗುತ್ತೆ, ಲ್ಯಾಬ್‌ನಲ್ಲಿ ಅದನ್ನೂ ನೋಡೋಣ

ರಸ್ತೆ ಕಿತ್ತುಹೋದ್ರೆ ನಾವೆಲ್ಲ ಬೈಯೋದು ಮಳೆಗೆ, ಕಂಟ್ರಾಕ್ಟರ್‌ಗೆ, ಇಲ್ಲಾಂದ್ರೆ ಓವರ್‌ಲೋಡ್ ಲಾರಿಗೆ. ಆದರೆ ಡಾಂಬರಿಗೆ ವಯಸ್ಸಾಗೋಕೆ ಶುರುವಾಗೋದು ಅದು ರಸ್ತೆಗೆ ಬೀಳೋ ಮುಂಚೆಯೇ. ಸಿವಿಲ್ ಓದೋ ನಾವು ಇದನ್ನ ಲ್ಯಾಬ್‌ನಲ್ಲಿ ಕೈಯಾರೆ ಮಾಡಿ ನೋಡಲೇಬೇಕು ಅನ್ನೋದು ನನ್ನ ವಾದ.

ಹಾಟ್ ಮಿಕ್ಸ್ ಪ್ಲಾಂಟ್‌ನಲ್ಲಿ ಸುಮಾರು 150ರಿಂದ 165 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಿಟುಮೆನ್ ಜಲ್ಲಿಯ ಮೇಲೆ ತೆಳುವಾಗಿ ಅಂಟಿಕೊಳ್ಳುತ್ತೆ. ಪದರ ತೆಳು, ಬಿಸಿ ಜಾಸ್ತಿ, ಸುತ್ತಲೂ ಗಾಳಿ. ಹಾಗಾಗಿ ಆಮ್ಲಜನಕ ಬೇಗ ಸೇರಿಕೊಳ್ಳುತ್ತೆ, ಹಗುರವಾದ ಅಂಶಗಳು ಸ್ವಲ್ಪ ಆವಿಯಾಗಿ ಹೋಗುತ್ತವೆ. ಬಜ್ಜಿ ಕರಿದೂ ಕರಿದೂ ಎಣ್ಣೆ ಮಂದ ಆಗುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಮಿಶ್ರಣ ಲಾರಿಯಲ್ಲಿ ಟಾರ್ಪಾಲ್ ಹೊದ್ದು ಸೈಟಿಗೆ ಬಂದು, ಪೇವರ್ ಹರಡಿ, ರೋಲರ್ ಓಡೋವರೆಗೂ ಇದು ನಡೀತಾನೇ ಇರುತ್ತೆ. ಜೊತೆಗೆ ಜಲ್ಲಿಯ ಸಣ್ಣ ರಂಧ್ರಗಳು ಸ್ವಲ್ಪ ಬಿಟುಮೆನ್ ಹೀರಿಕೊಳ್ಳುತ್ತವೆ. ಇದೇ ಶಾರ್ಟ್ ಟರ್ಮ್ ಏಜಿಂಗ್.

ನಮ್ಮ ಐಎಸ್ 73 ಇದನ್ನ ಮರೆತಿಲ್ಲ. ಒಂದೊಂದು ಗಾಜಿನ ಬಾಟಲಿಗೆ 35 ಗ್ರಾಂ ಬಿಟುಮೆನ್ ಹಾಕಿ, 163 ಡಿಗ್ರಿಯಲ್ಲಿ 85 ನಿಮಿಷ ಗಾಳಿ ಊದುತ್ತಾ ತಿರುಗಿಸ್ತಾರೆ. ಆಮೇಲೆ 60 ಡಿಗ್ರಿಯಲ್ಲಿ ಅಳೆದ ಸ್ನಿಗ್ಧತೆ ಮೊದಲಿನ 4 ಪಟ್ಟು ಮೀರಬಾರದು. ಆದರೆ ಆ ಬಾಟಲಿಯಲ್ಲಿ ಜಲ್ಲಿ ಇಲ್ಲ, ಫಿಲ್ಲರ್ ಇಲ್ಲ. ರಸ್ತೆ ಆಗೋದು ಮಿಶ್ರಣದಿಂದ ಅಲ್ವಾ? ಅಮೆರಿಕದಲ್ಲಿ 1987ರಿಂದ 1993ರವರೆಗೆ ನಡೆದ ಶಾರ್ಪ್ ಸಂಶೋಧನೆಯಿಂದ ಬಂದ ವಿಧಾನ ತುಂಬಾ ಸರಳ: ಬಿಡಿ ಮಿಶ್ರಣವನ್ನ ಟ್ರೇನಲ್ಲಿ ಹರಡಿ, 135 ಡಿಗ್ರಿ ಓವನ್‌ನಲ್ಲಿ 4 ಗಂಟೆ ಇಟ್ಟು, ಗಂಟೆಗೊಮ್ಮೆ ಕೈಯಾಡಿಸೋದು. ಆಮೇಲೇ ಕಾಂಪ್ಯಾಕ್ಟ್ ಮಾಡೋದು.

ನಮ್ಮ ಸೀನಿಯರ್‌ಗಳು ಮಾರ್ಷಲ್ ಟೆಸ್ಟ್‌ಗೆ ಏನು ಮಾಡ್ತಾರೆ? 1200 ಗ್ರಾಂ ಬಿಸಿ ಮಿಶ್ರಣ ಕಲಸಿ, ತಕ್ಷಣ ಮೋಲ್ಡ್‌ಗೆ ಹಾಕಿ, ಎರಡೂ ಕಡೆ 75 ಏಟು. ಅಂದರೆ ವಯಸ್ಸೇ ಆಗದ ಮಿಶ್ರಣ. ಇದು ರಸ್ತೆಯಲ್ಲಿರೋದಕ್ಕಿಂತ ಮೆತ್ತಗಿರುತ್ತೆ. ಹಾಗಾಗಿ ಚಕ್ರದ ಗುಣಿ ಬೀಳೋ ವಿಷಯದಲ್ಲಿ ಇದ್ದದ್ದಕ್ಕಿಂತ ಕೆಟ್ಟದಾಗಿ, ಬಿರುಕಿನ ವಿಷಯದಲ್ಲಿ ಇದ್ದದ್ದಕ್ಕಿಂತ ಒಳ್ಳೆಯದಾಗಿ ಕಾಣಬಹುದು. ಎರಡನೆಯದೇ ಅಪಾಯ. ಲ್ಯಾಬ್‌ನಲ್ಲಿ ಪಾಸಾಗಿ ರಸ್ತೆಯಲ್ಲಿ ಬಿರುಕು ಬಿಟ್ಟರೆ ಯಾರನ್ನ ಕೇಳೋದು?

"ಲ್ಯಾಬ್ ಇರೋದೇ ಮೂರು ಗಂಟೆ, ನಾಲ್ಕು ಗಂಟೆ ಓವನ್ ಎಲ್ಲಿಂದ ತರೋದು" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಳಗ್ಗೆ ಒಂದು ಬ್ಯಾಚ್ ಟ್ರೇ ಇಡಲಿ, ಮಧ್ಯಾಹ್ನದ ಬ್ಯಾಚ್ ಅದನ್ನ ತೆಗೆದು ಮೋಲ್ಡ್ ಮಾಡಲಿ. ಗಂಟೆಗೊಮ್ಮೆ ಹೋಗಿ ಕೈಯಾಡಿಸೋದಕ್ಕೆ ಇಬ್ಬರು ಸಾಕು. ಹೊಸ ಮಷೀನ್ ಬೇಡ, ಓವನ್ ಹೇಗೂ ಇದೆ.

ಹಾಗಂತ 4 ಗಂಟೆ ಅನ್ನೋದು ವೇದವಾಕ್ಯ ಅಲ್ಲ. ಪ್ಲಾಂಟ್ ಊರಾಚೆ, ಕೆಲಸ ಬೆಂಗಳೂರಿನ ಒಳಗೆ, ಮಧ್ಯದಲ್ಲಿ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಿಶ್ರಣ ಬಿಸಿಯಲ್ಲಿ ಇರೋ ಹೊತ್ತೇ ಬೇರೆ. ನಮ್ಮ ಜಲ್ಲಿ, ನಮ್ಮ ದೂರ, ನಮ್ಮ ಟ್ರಾಫಿಕ್‌ಗೆ ಎಷ್ಟು ಗಂಟೆ ಸರಿ? ಪೇವರ್ ಹತ್ತಿರದ ಮಿಶ್ರಣ ತಂದು, ಅದರ ಬಿಟುಮೆನ್ ಬೇರ್ಪಡಿಸಿ, ಓವನ್‌ನಲ್ಲಿಟ್ಟದ್ದರ ಜೊತೆ ಹೋಲಿಸಿದರೆ ಗೊತ್ತಾಗುತ್ತೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಾ ಇರೋರು ಇದನ್ನೇ ತಗೊಳ್ಳಿ. ನಮ್ಮ ಬ್ಯಾಚ್ ಹೈವೇ ಲ್ಯಾಬ್‌ಗೆ ಬರೋ ಹೊತ್ತಿಗೆ ಹೋಲಿಸೋಕೆ ನಮ್ಮದೇ ಅಂಕಿಗಳು ಇರಲಿ.