ದಾರಿ ಗೊತ್ತು, ನೀರಿನ ಆಳ ಗೊತ್ತಿಲ್ಲ

ನಮ್ಮಕ್ಕನ ಮಗನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಮೊನ್ನೆ ಬೆಳಗ್ಗೆ ಹತ್ತು ನಿಮಿಷ ಕಾಣಿಸಲಿಲ್ಲ. ಪಕ್ಕದ ಮನೆ, ಕೊಟ್ಟಿಗೆ, ಅಂಗಡಿ ಎಲ್ಲ ಹುಡುಕಿದೆವು. ಸಿಕ್ಕಿದ್ದು ಹುಣಸೆಮರ ದಾಟಿ, ಕಾಲುವೆಗೆ ಹೋಗುವ ದಾರಿಯಲ್ಲಿ. ನಮ್ಮಪ್ಪ ಎಮ್ಮೆ ಮೈ ತೊಳೆಯಲು ಹೋಗುವಾಗ ದಿನಾ ಅವನನ್ನು ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದ ದಾರಿ ಅದು.

"ಪಾಪ, ದಾರಿ ತಪ್ಪಿ ಹೋಗಿತ್ತು" ಅಂದರು ಎಲ್ಲರೂ. ಇಲ್ಲ, ಸರಿಯಾದ ದಾರಿಯಲ್ಲೇ ಹೋಗಿತ್ತು!

ಕೆಲವು ತಿಂಗಳ ಕೂಸಿಗೆ ವಸ್ತು ಎಲ್ಲಿದೆ ಅನ್ನುವುದು ತನ್ನ ಎಡಕ್ಕೋ ಬಲಕ್ಕೋ ಅನ್ನುವಷ್ಟೇ ಲೆಕ್ಕ. ತಿರುಗಿಸಿ ಮಲಗಿಸಿದರೆ ಗೊಂದಲ. ಅಂಬೆಗಾಲಿಟ್ಟು ತಾನೇ ಓಡಾಡಲು ಶುರು ಮಾಡಿದ ಮೇಲೆ ಈ ಲೆಕ್ಕ ಬದಲಾಗುತ್ತದೆ. ಅಮೆರಿಕದ ನೋರಾ ನ್ಯೂಕೋಂಬ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಉದ್ದನೆಯ ಮರಳು ಪೆಟ್ಟಿಗೆಯಲ್ಲಿ ಆಟದ ಸಾಮಾನು ಹೂತು, ಮಗುವನ್ನು ಪೆಟ್ಟಿಗೆಯ ಆ ಬದಿಗೆ ಕರೆದೊಯ್ದು ಹುಡುಕಲು ಬಿಟ್ಟರು. ಸುಮಾರು 22 ತಿಂಗಳು ದಾಟಿದ ಮಕ್ಕಳು ಕೋಣೆಯಲ್ಲಿ ದೂರದಲ್ಲಿರುವ ಗುರುತುಗಳನ್ನೂ ಬಳಸಿ ಜಾಗ ಹಿಡಿದವು. ನಮ್ಮ ಹುಡುಗನಿಗೆ ಹುಣಸೆಮರವೇ ಆ ಗುರುತು ಇರಬೇಕು.

ಇದಕ್ಕೆ ಹೆದರಿ ಮಗುವನ್ನು ಕೂಡಿಹಾಕಿ ಕೈಗೆ ಮೊಬೈಲ್ ಕೊಡಿ ಅಂತ ನಾನು ಹೇಳುತ್ತಿಲ್ಲ. ನಡೆದಾಡಿದರೇನೇ ದಿಕ್ಕು ತಿಳಿಯುವುದು. ಆದರೆ ದಾರಿ ನೆನಪಿಡುವ ಬುದ್ಧಿ ಮೊದಲು ಬರುತ್ತದೆ, ಅಪಾಯ ತಿಳಿಯುವ ಬುದ್ಧಿ ಎಷ್ಟೋ ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ, ಜಗತ್ತಿನಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಲ್ಲಿ ಮುಳುಗುವುದು ನಾಲ್ಕನೇ ದೊಡ್ಡ ಕಾರಣ.

ಮಾರ್ಕೋನಹಳ್ಳಿ ಸುತ್ತ ಎತ್ತ ನೋಡಿದರೂ ನೀರು. ಜಲಾಶಯ, ಶಿಂಶಾ ಹೊಳೆ, ನಾಲೆ, ತೋಟದ ಹೊಂಡ. ನಾವೇ ಮಗುವಿಗೆ ನೀರು ತೋರಿಸುತ್ತಾ ತುತ್ತು ತಿನ್ನಿಸುತ್ತೇವೆ. ಅದಕ್ಕೆ ಅದು ಖುಷಿಯ ಜಾಗ. ಮರುದಿನ ನಾವು ಅಡಿಗೆಮನೆಯಲ್ಲಿದ್ದಾಗ ಅದು ಒಂಟಿಯಾಗಿ ಹೊರಡುತ್ತದೆ.

ಹಾಗಾಗಿ ಮಗು ಕಾಣದಿದ್ದರೆ ಬಸ್‌ಸ್ಟಾಂಡ್, ಅಂಗಡಿ ಆಮೇಲೆ. ನೀವು ಅದನ್ನು ಕರೆದುಕೊಂಡು ಹೋಗಿದ್ದ ನೀರಿನ ಜಾಗಕ್ಕೆ ಮೊದಲು ಓಡಿ. ಕೃಷಿ ಹೊಂಡ ತೆಗೆಸಿದವರು ಬೇಲಿಯನ್ನು ಮುಂದಿನ ವರ್ಷಕ್ಕೆ ಬಿಡಬೇಡಿ. ಕೃಷಿ ಭಾಗ್ಯದಲ್ಲಿ ತಂತಿಬೇಲಿಗೂ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕೂಲಿ ಕೆಲಸಕ್ಕೆ ಹೋಗುವ ತಾಯಂದಿರು ಪಂಚಾಯಿತಿಯಲ್ಲಿ ಕೂಸಿನ ಮನೆ ಬಗ್ಗೆ ವಿಚಾರಿಸಿ.

ಅಪ್ಪ ಅವತ್ತೇ ಬಾಗಿಲಿಗೆ ಬಿದಿರಿನ ತಡಿಕೆ ಕಟ್ಟಿದರು, ಹೊರಗಡೆ ಅಗುಳಿ. ಹುಡುಗ ಈಗ ತಡಿಕೆ ಹಿಡಿದು ನಿಂತು, ಹುಣಸೆಮರದ ಕಡೆಗೇ ಕೈ ತೋರಿಸುತ್ತಾನೆ.