ಗೊಬ್ಬರ ಎಲೆಗೋ, ಬೇರಿಗೋ?

ಮಳೆಗಾಲ ಬಂತೆಂದರೆ ಸಾಕು, ಬೆಳಗಾವಿಯಲ್ಲಿ ಗಿಡ ನೆಡುವ ಸುಗ್ಗಿ. ಸಲಿಕೆ, ಫೋಟೋ, ಭಾಷಣ, ಚಹಾ-ಚೂಡಾ ಎಲ್ಲಾ ಆಯ್ತು. 1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವ ಆರಂಭಿಸಿದಂದಿನಿಂದ ನೆಟ್ಟ ಗಿಡದ ಲೆಕ್ಕಕ್ಕೆ ಬರವಿಲ್ಲ. ಬದುಕಿದ ಗಿಡ ಎಷ್ಟು ಎಂದರೆ ಮಾತ್ರ ಎಲ್ಲರೂ ಮುಗಿಲು ನೋಡುತ್ತಾರೆ.

ಕೋಟೆಯ ಸುತ್ತಲಿರಲಿ, ಖಾನಾಪುರದ ಗೇರು ತೋಟವಿರಲಿ, ಜನರಿಗೊಂದು ನಂಬಿಕೆ: ಗುಂಡಿಗೆ ಎರಡು ಮುಷ್ಟಿ ಯೂರಿಯಾ ಬಿದ್ದರ ಗಿಡ ತಾನ ಏಳತೈತಿ. ಏಳುತ್ತದೆ ನಿಜ, ಮೇಲಕ್ಕೆ ಮಾತ್ರ! ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ಎಳೆ ಬೇರಿನ ಪಕ್ಕದಲ್ಲೇ ಬಿದ್ದರೆ ಅದರ ತುದಿಯನ್ನೇ ಸುಡುತ್ತದೆ. ಸುಡದೆ ಉಳಿದರೂ ಎಲೆ, ಚಿಗುರು ಹುಲುಸಾಗಿ ಬರುತ್ತವೆ. ಬೇರು ಆ ಪ್ರಮಾಣಕ್ಕೆ ಬೆಳೆಯುವುದಿಲ್ಲ. ತಲೆ ಭಾರ, ಕಾಲು ಸಣ್ಣ. ಆಷಾಢದ ಗಾಳಿಗೆ ವಾಲುತ್ತದೆ. ವಾಲದಿದ್ದರೆ ಏಪ್ರಿಲ್ ಬಿಸಿಲಿಗೆ ಒಣಗುತ್ತದೆ.

ಎಳೆ ಬೇರಿಗೆ ಮುಖ್ಯವಾಗಿ ಬೇಕಾದದ್ದು ರಂಜಕ. ಆದರೆ ಖಾನಾಪುರದ ಜಂಬಿಟ್ಟಿಗೆ ನೆಲದ ಕಬ್ಬಿಣದ ಅಂಶ ರಂಜಕವನ್ನು ಬಿಗಿಹಿಡಿಯುತ್ತದೆ. ಮೇಲೆ ಚೆಲ್ಲಿದ ಸೂಪರ್ ಫಾಸ್ಫೇಟು ಚೆಲ್ಲಿದಲ್ಲೇ ಕೂತಿರುತ್ತದೆ. ಬೇರು ಊಟ ಇದ್ದಲ್ಲಿ ಕವಲೊಡೆಯುತ್ತದೆ. ಊಟ ಮೇಲಿದ್ದರೆ ಬೇರೂ ಮೇಲೇ. ಯೂರಿಯಾದ ಕಥೆ ಉಲ್ಟಾ. ಕಣಕುಂಬಿ ಕಡೆಯ ಜಡಿಮಳೆಯಲ್ಲಿ ಹಾಕಿದ್ದು ಬಹುಪಾಲು ನೀರಿನೊಡನೆ ಹೋಗಿ ಹಳ್ಳ ಸೇರುತ್ತದೆ. ರೊಕ್ಕ ರೈತಂದು, ಗೊಬ್ಬರ ಹೊಳಿಗೆ!

ಪರಿಹಾರವೇನೂ ದುಬಾರಿಯಲ್ಲ. ಗುಂಡಿ ಅಗಲವಾಗಿ ತೋಡಿ, ಮೇಲ್ಮಣ್ಣಿಗೆ ಕೊಳೆತ ತಿಪ್ಪೆಗೊಬ್ಬರ, ಹದವಾಗಿ ಸೂಪರ್ ಫಾಸ್ಫೇಟು ಬೆರೆಸಿ ಒಳಗೆ ತುಂಬಬೇಕು. ಅತಿಯಾದರೆ ಅದೂ ಬೇಡ. ಬೇರಿಗೆ ಅಂಟಿ ಬದುಕುವ ಉಪಕಾರಿ ಶಿಲೀಂಧ್ರ ಕುಗ್ಗುತ್ತದೆ. ನೆಡುವಾಗ ಪ್ಲಾಸ್ಟಿಕ್ ಚೀಲ ಹರಿದು, ಸುರುಳಿ ಸುತ್ತಿದ ಬೇರು ಬಿಡಿಸಬೇಕು. ಯೂರಿಯಾ ಬೇರು ಹಿಡಿದ ಮೇಲೆ, ಅದೂ ಸ್ವಲ್ಪ ಸ್ವಲ್ಪ. ಬೆಳೆದ ಗೇರಿಗೆ ಬೊಡ್ಡೆಗೇ ಸುರಿಯದೆ, 1.5 ಮೀಟರ್ ದೂರದಲ್ಲಿ ಸುತ್ತ ಚರಿ ತೆಗೆದು, ಜಡಿಮಳೆ ಇಳಿದ ಮೇಲೆ ಹಾಕಿ ಮುಚ್ಚಬೇಕು. ಎಲ್ಲಕ್ಕೂ ಮೊದಲು ಮಣ್ಣು ಪರೀಕ್ಷೆ ಆಗಬೇಕು.

ಇಷ್ಟೆಲ್ಲ ಹೇಳಿದರೂ ನೋಡುವವರಿಲ್ಲದಿದ್ದರೆ ವ್ಯರ್ಥ. ಸಾರ್ವಜನಿಕರ ಹಣದಲ್ಲಿ ನೆಡುವ ಗಿಡದ ಗುಂಡಿಯನ್ನು ಮುಚ್ಚುವ ಮೊದಲೇ ಯಾರಾದರೂ ಇಣುಕಲಿ. ಗುತ್ತಿಗೆಯ ಕಡೆಯ ಬಿಲ್ಲು ಮೂರನೇ ಬೇಸಿಗೆ ದಾಟಿದ ಗಿಡಗಳನ್ನು ಎಣಿಸಿಯೇ ಪಾಸಾಗಲಿ. 13ನೇ ಶತಮಾನದಲ್ಲಿ ರಟ್ಟರು ಹಾಕಿದ ಕೋಟೆ ಈ ಊರಿಗೆ ಕಲಿಸಿದ ಪಾಠ ಒಂದೇ: ಮೊದಲು ಪಾಯ, ಆಮೇಲೆ ಬುರುಜು. ಗಿಡಕ್ಕೂ ಅದೇ ನ್ಯಾಯ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?