ಎತ್ತಿನ ಹಲ್ಲು, ಲ್ಯಾಪ್‌ಟಾಪಿನ ವಾಟು

ಪರೀಕ್ಷೆಯ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ದಿನಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಮಕ್ಕಳು "ಗೇಮಿಂಗ್ ಲ್ಯಾಪ್‌ಟಾಪ್ ಬೇಕು" ಅನ್ನುತ್ತಾರೆ. ಹಿರಿಯರು "ಓದೋಕೋ, ಆಡೋಕೋ?" ಅಂತ ಕೇಳುತ್ತಾರೆ. ಮಾತು ಅಲ್ಲಿಗೇ ಮುರಿದು ಒಬ್ಬರು ಒಳಮನೆಗೆ, ಇನ್ನೊಬ್ಬರು ಜಗಲಿಗೆ ಹೋಗಿ ಕೂರುತ್ತಾರೆ.

ಮಿರ್ಲೆಯ ನಮ್ಮ ಮನೆಯಲ್ಲೂ ಈ ಸಲ ಅದೇ ಆಯಿತು. ಮೊಮ್ಮಗಳು ಪಿಯುಸಿ ಮುಗಿಸಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಬೇಕು, ಹಾಸ್ಟೆಲ್‌ನಲ್ಲಿ ಇರಬೇಕು. ಅವಳಿಗೆ ಆಟ ಆಡುವುದೂ ಇಷ್ಟ, ಆಟ ತಯಾರಿಸುವುದನ್ನು ಕಲಿಯುವ ಆಸೆಯೂ ಇದೆ. ಭತ್ತ ಮಾರಿದ ದುಡ್ಡು, ನನ್ನ ಪಿಂಚಣಿಯಲ್ಲಿ ಉಳಿದದ್ದು ಎರಡೂ ಸೇರಿ ಕೈಯಲ್ಲಿದ್ದದ್ದು 80,000 ರೂಪಾಯಿ. ಮುಂದಿನ ಬೆಳೆ ಮನೆಗೆ ಬರುವ ತನಕ ಇನ್ನೊಂದು 80,000 ಹುಟ್ಟುವುದಿಲ್ಲ. ತಂದ ಯಂತ್ರ ನಾಲ್ಕು ವರ್ಷ ಬಾಳಬೇಕು. ಸರಿಹೋಗಲಿಲ್ಲ ಅಂತ ಬದಲಾಯಿಸುವ ಹಾಗಿಲ್ಲ. ಹಾಗಾಗಿ ನಾನೂ ಅವಳೂ ಹದಿನೈದು ದಿನ ಕೂತು ಈ ವಿಷಯ ಅರೆದು ಕುಡಿದೆವು. ಅದರಲ್ಲಿ ನಿಮಗೂ ಉಪಯೋಗಕ್ಕೆ ಬರುವಷ್ಟನ್ನು ಈ ವಾರ ಹೇಳುತ್ತೇನೆ.

ಮೊದಲು ಹಿರಿಯರಿಗೆ ಒಂದು ಮಾತು. 'ಗೇಮಿಂಗ್' ಅಂದ ಕೂಡಲೇ ನಮಗೆ ದುಡ್ಡು ಕಳೆದುಕೊಂಡವರ ಸುದ್ದಿ ನೆನಪಾಗುತ್ತದೆ. ಅದು ಬೇರೆ, ಇದು ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಎಂಬ ಪಂದ್ಯದಾಟಕ್ಕೆ ಮನ್ನಣೆ ಕೊಟ್ಟಿದೆ. ಚೀನಾದ ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೂ ಪದಕ ಕೊಟ್ಟರು. ಇನ್ನು ಯಾವ ಆಟ ಯಾವ ವಯಸ್ಸಿಗೆ ಎಂದು ತಿಳಿಯಲು 3, 7, 12, 16, 18 ಎಂಬ ಅಂಕಿಗಳಿವೆ. ಇದು ಯುರೋಪಿನ 'ಪೆಗಿ' ಎಂಬ ಗುರುತು. ಆಟದ ಹೆಸರಿನ ಜೊತೆ ಹುಡುಕಿದರೆ ಸಿಗುತ್ತದೆ. 18 ಎಂದು ಬರೆದದ್ದನ್ನು ಏಳನೇ ಕ್ಲಾಸಿನ ಮಗುವಿಗೆ ಕೊಡಬಾರದು, ಅಷ್ಟೇ.

ಆಟವೆಂದರೆ ನಮ್ಮ ಮೈಸೂರು ಸೀಮೆಗೆ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳನ್ನು ತಾವೇ ಹೊಸದಾಗಿ ಕಟ್ಟಿದವರು. ಚದುರಂಗದ ಕುದುರೆಯನ್ನು ಒಂದು ಮನೆಗೆ ಎರಡನೇ ಸಲ ಕಾಲಿಡದಂತೆ ಎಲ್ಲ 64 ಮನೆಗಳಲ್ಲೂ ನಡೆಸುವ ಲೆಕ್ಕದಲ್ಲಿ ಅವರಿಗೆ ಬಲು ಆಸಕ್ತಿ. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗಾಗಿಯೇ 'ಕೌತುಕನಿಧಿ' ಎಂಬ ಭಾಗವಿದೆ. ಈ ಕಾಲಕ್ಕೆ ಬಂದರೆ, 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಕಂಪ್ಯೂಟರ್ ಆಟದ ಕೆಲಸ ಶುರು ಮಾಡಿತು. 2019ರಲ್ಲಿ ಅದನ್ನು ಹೆಸರಾಂತ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅಂದರೆ ಆಟ ತಯಾರಿಸಿ ಅನ್ನ ತಿನ್ನುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬ್ಲೆಂಡರ್, ಗೊಡೊ ಎಂಬ ಆಟ ಕಟ್ಟುವ ತಂತ್ರಾಂಶಗಳು ಪೂರ್ತಿ ಉಚಿತ. ದುಡ್ಡು ಬೇಕಾಗುವುದು ಯಂತ್ರಕ್ಕೆ ಮಾತ್ರ.

ಈಗ ಮಕ್ಕಳಿಗೆ. ಮಾಮೂಲಿ ಲ್ಯಾಪ್‌ಟಾಪಿಗೂ ಗೇಮಿಂಗ್ ಲ್ಯಾಪ್‌ಟಾಪಿಗೂ ಏನು ವ್ಯತ್ಯಾಸ? ನಮ್ಮ ಕಡೆಯ ಗದ್ದೆಯನ್ನೇ ನೋಡಿ. ಗದ್ದೆಗೆ ಯಜಮಾನ ಒಬ್ಬ. ನೀರು ಯಾವಾಗ ಬಿಡಬೇಕು, ಗೊಬ್ಬರ ಎಷ್ಟು, ಸೊಸೈಟಿ ಸಾಲ ಯಾವಾಗ ಕಟ್ಟಬೇಕು, ಎಲ್ಲ ಅವನ ತಲೆಯಲ್ಲಿ. ಆದರೆ ನಾಟಿ ಹಾಕುವ ದಿನ ಅವನೊಬ್ಬನಿಂದ ಆಗುವುದಿಲ್ಲ. ಇಪ್ಪತ್ತು ಹೆಂಗಸರು ಸಾಲಾಗಿ ನಿಂತು ಒಂದೇ ಕೆಲಸವನ್ನು ಒಟ್ಟಿಗೆ ಮಾಡುತ್ತಾರೆ. ಕಂಪ್ಯೂಟರಿನ ಪ್ರೊಸೆಸರ್ ಆ ಯಜಮಾನ. ಗ್ರಾಫಿಕ್ಸ್ ಚಿಪ್ಪು ಆ ನಾಟಿಯ ಸಾಲು.

ಆಟದ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ 20,73,600 ಚುಕ್ಕಿ. ಚಿತ್ರ ತಡವರಿಸದೆ ಓಡಬೇಕಾದರೆ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅಂದರೆ ಒಂದು ಸೆಕೆಂಡಿಗೆ 12,44,16,000 ಚುಕ್ಕಿಗಳ ನಾಟಿ! ಅದಕ್ಕೇ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4050 ಎಂಬ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 2,560 ಪುಟ್ಟ ಕೆಲಸಗಾರರಿದ್ದಾರೆ. 4060ರಲ್ಲಿ 3,072 ಇದ್ದಾರೆ.

ಇಲ್ಲಿಗೆ ಬಂದಾಗ ಮೊಮ್ಮಗಳು ಹೇಳಿದಳು: "ಹಂಗಾದ್ರೆ 4060ನೇ ತಗೊಳ್ಳೋಣ ತಾತ. ಕೆಲಸಗಾರರು ಜಾಸ್ತಿ."

"ತಡಿ ಮಗಾ," ಅಂದೆ. "ಆಳು ಎಷ್ಟು ಜನ ಅಂತ ಮಾತ್ರ ನೋಡಿದ್ರೆ ಆಯ್ತದಾ? ಅವರಿಗೆ ಊಟ ಎಷ್ಟು ಹಾಕ್ತಾರೆ ಅಂತ್ಲೂ ಕೇಳು."

ಸಂಕ್ರಾಂತಿ ಸಮಯದಲ್ಲಿ ನಮ್ಮ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ನಮ್ಮಪ್ಪನ ಜೊತೆ ನಾನು ಎಷ್ಟೋ ವರ್ಷ ಹೋಗಿದ್ದೇನೆ. ಅಲ್ಲಿ ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಜರಿಯ ಬಟ್ಟೆ. ನಮ್ಮಪ್ಪ ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ, ಗೊರಸು ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಿದ್ದ. ಲ್ಯಾಪ್‌ಟಾಪ್ ಅಂಗಡಿಯಲ್ಲೂ ಕೀಲಿಮಣೆಯ ಬಣ್ಣದ ದೀಪ ಅಂದರೆ ಕೊಂಬಿನ ಬಣ್ಣವೇ. ಹಾಗಾದರೆ ಹಲ್ಲು ಯಾವುದು?

ಹಲ್ಲು ಅಂದರೆ ವಾಟು. ಇದನ್ನು ನಾವು ಹುಡುಕಿ ತಿಳಿದುಕೊಂಡೆವು. ಹೆಸರು ಒಂದೇ ಆದರೂ ಚಿಪ್ಪಿಗೆ ಕೊಡುವ ವಿದ್ಯುತ್ತು ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದೇ ಇರುವುದಿಲ್ಲ. 4050 ಆಗಲಿ, 4060 ಆಗಲಿ, ತಯಾರಕರು ಅದಕ್ಕೆ 35 ವಾಟಿನಿಂದ 115 ವಾಟಿನವರೆಗೆ ತಮಗೆ ಬೇಕಾದಷ್ಟು ಕೊಡಬಹುದು. ಯಂತ್ರ ತೆಳ್ಳಗಿದ್ದರೆ ಬಿಸಿ ತಡೆಯುವುದಿಲ್ಲ, ಅದಕ್ಕೆ ಕಡಿಮೆ ವಾಟು ಕೊಡುತ್ತಾರೆ. ಅರೆಹೊಟ್ಟೆಯ ಆಳು ಎಷ್ಟು ನಾಟಿ ಹಾಕಿಯಾರು? ಹಾಗಾಗಿ ಹೆಚ್ಚು ವಾಟಿನ 4050, ಕಡಿಮೆ ವಾಟಿನ 4060ರ ಜೊತೆ ಸರಿಸಮನಾಗಿ ಓಡುವುದೂ ಉಂಟು.

ಮೈಸೂರಿನ ಒಂದು ಅಂಗಡಿಗೆ ಹೋಗಿ ನಾನು "ಇದು ಎಷ್ಟು ವಾಟಿಂದು?" ಅಂದೆ. ಅಲ್ಲಿದ್ದ ಹುಡುಗ "4060 ಅಂದ್ರೆ 4060 ಅಷ್ಟೇ ಯಜಮಾನ್ರೇ, ಅದ್ರಲ್ಲಿ ವಾಟು ಗೀಟು ಇಲ್ಲ" ಅಂದ. ಮೊಮ್ಮಗಳು ಅಲ್ಲೇ ಫೋನಿನಲ್ಲಿ ಆ ಮಾದರಿಯ ವಿವರ ತೆಗೆದು ತೋರಿಸಿದಳು. 55 ವಾಟು ಅಂತ ಸ್ಪಷ್ಟವಾಗಿ ಬರೆದಿತ್ತು. ನೀವೂ ಹಾಗೇ ಮಾಡಿ. ಮಾದರಿಯ ಪೂರ್ತಿ ಸಂಖ್ಯೆ ಬರೆದುಕೊಂಡು ತಯಾರಕರ ಪುಟದಲ್ಲಿ 'ಟಿಜಿಪಿ' ಎಂಬ ಅಂಕಿ ನೋಡಿ.

ಏಸರ್ ನೈಟ್ರೋ, ಎಚ್‌ಪಿ ವಿಕ್ಟಸ್, ಲೆನೊವೊ ಎಲ್‌ಒಕ್ಯೂ, ಏಸಸ್ ಟಫ್ ಇವೆಲ್ಲ ಮಧ್ಯಮ ವರ್ಗದವರ ಕೈಗೆಟುಕುವ ಸಾಲುಗಳು. ಆದರೆ ಒಂದೊಂದು ಸಾಲಿನಲ್ಲೂ ಹತ್ತಾರು ಮಾದರಿ ಇರುತ್ತವೆ. ಬರೀ ಬ್ರಾಂಡ್ ಹೆಸರು ಕೇಳಿ ತಂದರೆ ಊರಿನ ಹೆಸರು ಕೇಳಿ ಎತ್ತು ತಂದ ಹಾಗೆ.

ನಾವು ನೋಟ್‌ಬುಕ್ಕಿನಲ್ಲಿ ಮೂರು ಮಾದರಿ ಬರೆದುಕೊಂಡೆವು. ಒಂದು, 62,000 ರೂಪಾಯಿಯದು, ಹಳೆಯ 3050 ಚಿಪ್ಪು, ಅದರ ಸ್ವಂತ ಮೆಮೊರಿ 4 ಜಿಬಿ. ಇವತ್ತಿಗೆ ಸಾಕು, ಇನ್ನು ನಾಲ್ಕು ವರ್ಷಕ್ಕೆ ಸಾಲದು. ಎರಡು, 96,000ದ ತೆಳ್ಳನೆಯ 4060. ನೋಡಲು ಚೆಂದ, 55 ವಾಟು, ಮೇಲೆ 16,000 ಸಾಲ. ಮೂರು, 78,000ದ ದಪ್ಪನೆಯ 4050, ಚಿಪ್ಪಿನ ಮೆಮೊರಿ 6 ಜಿಬಿ, 105 ವಾಟು.

ಇನ್ನಷ್ಟು ನೋಡಬೇಕಾದ್ದಿತ್ತು. ರ‍್ಯಾಮ್ 16 ಜಿಬಿ ಇರಬೇಕು, ಮುಂದೆ ಹೆಚ್ಚಿಸಲು ಜಾಗವೂ ಇರಬೇಕು. ಕೆಲವದರಲ್ಲಿ ಬೆಸುಗೆ ಹಾಕಿಬಿಟ್ಟಿರುತ್ತಾರೆ, ಆಮೇಲೆ ಸೇರಿಸಲು ಆಗುವುದಿಲ್ಲ. ಪರದೆಯ ಬಣ್ಣದ ಲೆಕ್ಕದಲ್ಲಿ '45% ಎನ್‌ಟಿಎಸ್‌ಸಿ' ಅಂತಿದ್ದರೆ ಬಣ್ಣ ಪೇಲವ. '100% ಎಸ್‌ಆರ್‌ಜಿಬಿ' ಅಂತಿದ್ದರೆ ಚಿತ್ರ ಬರೆಯುವವರಿಗೆ ಒಳ್ಳೆಯದು.

ತೂಕವನ್ನೂ ಮರೆಯಬೇಡಿ. ಇವು ಸಾಮಾನ್ಯವಾಗಿ ಎರಡು ಕೆಜಿಗಿಂತ ಹೆಚ್ಚು. ಚಾರ್ಜರೇ ಇಟ್ಟಿಗೆಯ ಹಾಗೆ ಇರುತ್ತದೆ. ಬಸ್ಸಿನಲ್ಲಿ ಹೊತ್ತು ಓಡಾಡುವವರು ಒಮ್ಮೆ ಹೆಗಲಿಗೆ ಹಾಕಿ ನೋಡಬೇಕು.

ಅಜ್ಜಿ ಕರೆಂಟ್ ಬಿಲ್ಲಿನ ಬಗ್ಗೆ ಕೇಳಿದಳು. ಆಟದ ಹೊತ್ತಿನಲ್ಲಿ ಸುಮಾರು 200 ವಾಟು ಎಳೆಯುತ್ತದೆ ಅಂದುಕೊಳ್ಳಿ. ಅಂದರೆ ನಮ್ಮ ಹಳೆಯ ಸೀಲಿಂಗ್ ಫ್ಯಾನು ಎರಡು ಮೂರು ತಿರುಗಿದ ಹಾಗೆ. ದಿನಕ್ಕೆ ಮೂರು ಗಂಟೆ ಆಡಿದರೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಕರೆಂಟ್ ಹೋದರೆ? ಬ್ಯಾಟರಿಯಲ್ಲಿ ಓದಬಹುದು, ಬರೆಯಬಹುದು. ದೊಡ್ಡ ಆಟ ಮಾತ್ರ ಮಂದವಾಗುತ್ತದೆ. ಅಷ್ಟು ವಿದ್ಯುತ್ತನ್ನು ಒಮ್ಮೆಲೇ ಕೊಡುವ ಶಕ್ತಿ ಬ್ಯಾಟರಿಗಿಲ್ಲ.

ಇಂಟರ್‌ನೆಟ್ಟಿನ ಲೆಕ್ಕ ತಮ್ಮನಿಗೆ ಕೊಟ್ಟೆವು. ಅವನು ಏಳನೇ ಕ್ಲಾಸು. ಒಂದು ದೊಡ್ಡ ಆಟ 100 ಜಿಬಿ, ಫೋನಿನ ಡೇಟಾ ದಿನಕ್ಕೆ 2 ಜಿಬಿ. ಎಷ್ಟು ದಿನ? "ಐವತ್ತು ದಿನ ತಾತ, ಅದೂ ಬೇರೇನೂ ನೋಡದೇ ಇದ್ರೆ!" ಅಂದ. ಯಂತ್ರ ತಂದ ಮೇಲೆ ಆಟ ಇಳಿಸಿಕೊಳ್ಳಲು ವೈಫೈ ಎಲ್ಲಿದೆ ಅಂತ ಮೊದಲೇ ಯೋಚಿಸಿರಬೇಕು. 512 ಜಿಬಿ ಎಸ್‌ಎಸ್‌ಡಿಯಲ್ಲಿ ಅಂಥ ಆಟ ಮೂರು ನಾಲ್ಕಕ್ಕಿಂತ ಹೆಚ್ಚು ಹಿಡಿಸುವುದೂ ಇಲ್ಲ.

ಅವರಪ್ಪ ಇನ್ನೊಂದು ದಾರಿ ಹೇಳಿದ. ಅದೇ ದುಡ್ಡಿಗೆ ಮೇಜಿನ ಮೇಲಿಡುವ ಕಂಪ್ಯೂಟರ್ ತಂದರೆ ಶಕ್ತಿ ಹೆಚ್ಚು, ಬಿಸಿ ಕಡಿಮೆ, ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ಮನೆಯಲ್ಲೇ ಇದ್ದು ಓದುವ ಮಕ್ಕಳಿಗೆ ನಾನೂ ಅದನ್ನೇ ಹೇಳುತ್ತೇನೆ. ನಮ್ಮ ಹುಡುಗಿ ಹಾಸ್ಟೆಲ್ಲಿಗೆ ಹೊರಟವಳು, ಅವಳಿಗೆ ಅದು ಆಗದು.

ಕೊನೆಗೆ ತೀರ್ಮಾನವನ್ನು ಅವಳ ಕೈಗೇ ಬಿಟ್ಟೆವು. ಒಂದು ಸಂಜೆ ನೋಟ್‌ಬುಕ್ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ತೆಳ್ಳನೆಯದರ ಮೇಲೆ ಅವಳಿಗೆ ಆಸೆ ಇತ್ತು, ನನಗೆ ಗೊತ್ತಿತ್ತು. ಆಮೇಲೆ ಅದರ ಮೇಲೆ ಒಂದು ಗೀಟು ಎಳೆದು ಹೇಳಿದಳು: "ಅದಕ್ಕೆ ಸಾಲ ಮಾಡ್ಬೇಕು ತಾತ. ನನ್ನ ಕೆಲಸ ದಪ್ಪಂದ್ರಲ್ಲೇ ಆಯ್ತದೆ. ನಾಲ್ಕು ವರ್ಷ ಆದ್ಮೇಲೆ ತಮ್ಮನೂ ಕೇಳ್ತಾನಲ್ಲ." ಅವರಮ್ಮ ಮಾತಾಡಲಿಲ್ಲ, ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದಳು.

78,000ದ್ದೇ ಬಂತು. ಉಳಿದ 2,000ದಲ್ಲಿ ಗಟ್ಟಿ ಬ್ಯಾಗು ತಂದೆವು. ಹಾಸಿಗೆ ಮೇಲಿಟ್ಟು ಆಡಬಾರದು, ಅಡಿಯಲ್ಲಿರುವ ಗಾಳಿಕಿಂಡಿ ಮುಚ್ಚಿ ಬಿಸಿಯಾಗುತ್ತದೆ. ಒಕ್ಕಣೆ ಸಮಯದಲ್ಲಿ ಊರಿಗೆ ತಂದರೆ ಹೊಟ್ಟಿನ ಧೂಳು ತಾಕದ ಹಾಗೆ ಒಳಗಿಡಬೇಕು. ಇವೆರಡು ಅವಳ ಕರಾರು. ರಾತ್ರಿ ಹತ್ತರ ಮೇಲೆ ಆಟ ಇಲ್ಲ ಎನ್ನುವುದು ಮೂರನೆಯದು. ಅದನ್ನು ಹಾಸ್ಟೆಲ್ಲಿನಲ್ಲಿ ನೋಡುವವರು ಯಾರೂ ಇರುವುದಿಲ್ಲ, ಅವಳನ್ನೇ ನಂಬಿದ್ದೇವೆ.

ನಿಮ್ಮ ಮನೆಯಲ್ಲೂ ಈ ಚರ್ಚೆ ಇದ್ದರೆ ಈ ಭಾನುವಾರ ಅಜ್ಜ-ಅಜ್ಜಿ, ಮಕ್ಕಳು ಒಟ್ಟಿಗೆ ಕೂತು ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಇದರಲ್ಲಿ ಏನೇನು ಕೆಲಸ ಮಾಡಬೇಕು? ಇದು ಎಲ್ಲಿರುತ್ತದೆ, ಮನೆಯಲ್ಲೋ ಹೆಗಲ ಮೇಲೋ? ಸಾಲವಿಲ್ಲದೆ ಎಷ್ಟು ಕೊಡಬಹುದು? ಗ್ರಾಫಿಕ್ಸ್ ಚಿಪ್ಪು ಯಾವುದು, ಎಷ್ಟು ವಾಟು? ಕೆಟ್ಟರೆ ರಿಪೇರಿ ಎಲ್ಲಿ, ವಾರಂಟಿ ಎಷ್ಟು ವರ್ಷ? ಮೊದಲ ಪ್ರಶ್ನೆಗೆ 'ಶಾಲೆಯ ಓದು, ಸಣ್ಣಪುಟ್ಟ ಆಟ' ಅಷ್ಟೇ ಉತ್ತರವಾದರೆ ಗೇಮಿಂಗ್ ಲ್ಯಾಪ್‌ಟಾಪೇ ಬೇಡ, ಅರ್ಧ ದುಡ್ಡಿನ ಮಾಮೂಲಿಯದು ಸಾಕು. ಹಾಳೆ ತುಂಬಿದ ಮೇಲೆಯೇ ಅಂಗಡಿಗೆ ಹೊರಡಿ. ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ, ಅದರ ಮೇಲೆ ಸೀರಿಯಲ್ ನಂಬರು ಬರೆಸಿ, ಪಹಣಿ ಪತ್ರ ಇಡುವ ಜಾಗದಲ್ಲೇ ಅದನ್ನೂ ಇಡಿ.